ಬಟ್ಟಲು ಅಲ್ಲಾಡಿಸುವುದು

ಸೂರ್ ಊರಿನ ಮೀನುಧಕ್ಕೆಯ ಹಿಂದೆ ನಮ್ಮ ಐಸ್ ಪ್ಲಾಂಟು.
ಹೊರಗೆ ನಲವತ್ತಾರು ಡಿಗ್ರಿ, ಒಳಗೆ ನನ್ನ ಮೀಸೆಯ ಮೇಲೆ ಮಂಜು.
ಹನ್ನೊಂದು ವರ್ಷ ಎರಡು ಕಂಪ್ರೆಸರುಗಳ ನಡುವೆ ನಿಂತು
ಎಡಗಿವಿಯನ್ನು ಅವಕ್ಕೇ ಕೊಟ್ಟುಬಿಟ್ಟಿದ್ದೇನೆ.
ಬಲಗಿವಿಗೆ ಈಗಲೂ ಚೆನ್ನಾಗಿ ಕೇಳುತ್ತದೆ ಅರಬಾಬರ ಮಾತು:
"ಬೂಜಾ, ಕಾಗದ ಒಳಗಿಡು. ಖರ್ಜೂರ ತಿನ್ನು."

ನನ್ನ ಹೆಸರು ಭೋಜ.
ಮಹಾಪ್ರಾಣ ಅವರ ಬಾಯಲ್ಲಿ ನಿಲ್ಲುವುದಿಲ್ಲ,
ನನ್ನ ಬಾಯಲ್ಲೂ ಅಷ್ಟಕ್ಕಷ್ಟೆ.

ಮೊದಲ ರಾಜೀನಾಮೆ ಟೈಪು ಮಾಡಿಕೊಟ್ಟವನು ಶಾಹುಲ್,
ಬಸ್ ಸ್ಟ್ಯಾಂಡಿನೆದುರು ಅಂಗಡಿ, ಅರಬಿಯಲ್ಲಾದರೆ ಒಂದೂವರೆ ರಿಯಾಲ್.
"ಕಾರಣ ಏನಂತ ಹಾಕಲಿ?"
ಸಾಕು ಅಂತ ಹಾಕು, ಎಂದೆ.
ಅದು ಕಾರಣವಾಗುವುದಿಲ್ಲವಂತೆ.
"ವೈಯಕ್ತಿಕ" ಎಂದು ಹಾಕಿದ.

ಅರಬಾಬ್ ಎರಡು ಸಲ ಓದಿದರು,
ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ.
ನಾಲ್ಕಾಗಿ ಮಡಿಚಿ ಮೇಜಿನ ಕುಂಟುಗಾಲಿನ ಕೆಳಗೆ ತುರುಕಿದರು.
ಮೇಜು ಅಲುಗುವುದು ನಿಂತಿತು.
"ನೋಡು, ಎಷ್ಟು ಉಪಕಾರಿ ನೀನು!"

ಎರಡನೆಯದಕ್ಕೆ ಸಂಬಳ ಇಪ್ಪತ್ತು ರಿಯಾಲ್ ಏರಿತು.
ಮೂರನೆಯದಕ್ಕೆ ಅವರ ಬಿ.ಪಿ. ಏರಿತು.
ನಾಲ್ಕನೆಯದನ್ನು ಒಯ್ದ ದಿನ ಮೊಮ್ಮಗನಿಗೆ ಹಲ್ಲು ಬಂದಿತ್ತು;
ಹಲ್ವದ ತಟ್ಟೆಯೆದುರು ಹೊರತೆಗೆಯಲು ನಾಚಿಕೆಯಾಗಿ
ಕಿಸೆಯಲ್ಲೇ ಒದ್ದೆಯಾಯಿತು.

ಬೈದಿದ್ದರೆ ಸುಲಭವಿತ್ತು.
ಪಕ್ಕದ ಗ್ಯಾರೇಜಿನ ಕುಲ್‌ದೀಪನಿಗೆ ಅವನ ಮುದೀರ ಬೈಯುತ್ತಾನೆ,
ಪಾಸ್‌ಪೋರ್ಟು ಬಚ್ಚಿಟ್ಟಿದ್ದಾನೆ.
ಅವನ ದುಃಖಕ್ಕೆ ಒಂದು ಆಫೀಸಿದೆ, ಟೋಕನ್ ನಂಬರಿದೆ.
ನನ್ನದಕ್ಕೆ ಯಾವ ಕಿಟಕಿ?
ಜ್ವರದಲ್ಲಿ ತಾವೇ ಗಾಡಿ ಓಡಿಸಿ ಆಸ್ಪತ್ರೆಗೆ ಒಯ್ದವರು,
ಖರ್ಚಿನ ಮಾತೆತ್ತಿದರೆ ಕಿವಿ ಹಿಂಡಿದವರು, ಅದೂ ಎಡಗಿವಿಯನ್ನೇ.
ಸಾಕಿದವರೆದುರು ಸಾಕು ಎನ್ನುವುದು ಹೇಗೆ?
ನನ್ನ ನುಡಿಯಲ್ಲಿ ಎರಡಕ್ಕೂ ಅದೇ ಎರಡಕ್ಷರ.

ಐಸಿನ ಬ್ಲಾಕು ಅಚ್ಚನ್ನು ಬಿಡಬೇಕಾದರೆ
ಅಚ್ಚು ಸಮೇತ ನೀರಲ್ಲಿ ಒಂದು ಗಳಿಗೆ ಅದ್ದಬೇಕು.
ಬಡಿದರೆ ಒಡೆಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಕರಗುತ್ತದೆ.
ಇಷ್ಟು ಗೊತ್ತಿದ್ದೂ.

ಶಾಹುಲ್ ಹೇಳಿದ: "ಅವರು ಒಪ್ಪಬೇಕಂತಿಲ್ಲ ಭಾಯ್,
ಅವರಿಗೆ ಮುಟ್ಟಿದರಾಯ್ತು.
ರಿಜಿಸ್ಟರ್ಡ್ ಹಾಕು. ಅಲ್ಲಿಂದ ದಿನ ಎಣಿಸು."
ಹಾಕಿದೆ. ಒಂದೇ ಗೋಡೆಯಾಚೆ ಕೂತ ಮನುಷ್ಯನಿಗೆ
ಎರಡು ಕಿಲೋಮೀಟರು ನಡೆದು ಹೋಗಿ ಕಳಿಸಿದ ಅಂಚೆ.
ಮೂರನೇ ದಿನ ರಶೀದಿ ಬಂತು, ಮೇಲೆ ಅವರ ಸಹಿ,
ಬಲದಿಂದ ಎಡಕ್ಕೆ ಓಡಿ ಕೊನೆಯಲ್ಲಿ ತಡವರಿಸಿದ ಗೆರೆ.

ಆ ಸಂಜೆ ಕರೆದರು. ಕಾಗದದ ಮಾತಿಲ್ಲ.
ಹಿತ್ತಾಳೆಯ ದಲ್ಲಾದಿಂದ ಕಾಫಿ ಬಗ್ಗಿಸಿದರು,
ಏಲಕ್ಕಿಯ ಘಮ, ಬಟ್ಟಲಿನ ತಳ ಮುಚ್ಚುವಷ್ಟು.
ಕುಡಿದೆ. ಬಗ್ಗಿಸಿದರು. ಕುಡಿದೆ.
ಇಲ್ಲಿಯ ಪದ್ಧತಿ ಅದು: ಬಟ್ಟಲು ಅಲ್ಲಾಡಿಸುವ ತನಕ
ಬಗ್ಗಿಸುವ ಕೈ ನಿಲ್ಲಕೂಡದು,
ಅಲ್ಲಾಡಿಸಿದ ಮೇಲೆ ಒತ್ತಾಯಿಸಕೂಡದು.
ಇಷ್ಟು ವರ್ಷ ಬಾಯಲ್ಲಿ ಬಸ್ ಬಸ್ ಎನ್ನುತ್ತ
ಬಟ್ಟಲನ್ನು ಮಾತ್ರ ಚಾಚಿಯೇ ಇದ್ದೆ.

ಐದನೆಯದು.
ಆಚೆ ಕಂಪ್ರೆಸರು ಉಸಿರು ಬಿಟ್ಟು ಮತ್ತೆ ಹಿಡಿಯಿತು;
ಹೊಸ ಹುಡುಗ ವಾಲ್ವನ್ನು ಅವಸರದಲ್ಲಿ ತಿರುಗಿಸುತ್ತಾನೆ, ಹೇಳಿಕೊಡಬೇಕು.
ಬಟ್ಟಲನ್ನು ಬೆರಳ ತುದಿಯಲ್ಲಿ ಹಿಡಿದು
ಎಡಕ್ಕೆ, ಬಲಕ್ಕೆ, ಎಡಕ್ಕೆ.

ಎತ್ತಿದ ದಲ್ಲಾ ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತಿತು.
ಅದರ ಕೊಕ್ಕಿನಿಂದ ಒಂದು ಹನಿ ಬಿಳಿ ದಿಶ್‌ದಾಶದ ಮೇಲೆ.
"ಸಹ್ಹಾ," ಎಂದರು ಅರಬಾಬ್, ಸೌಖ್ಯವಾಗಿರು ಎಂಬಂತೆ.
ಆಮೇಲೆ ಮೊಣಕಾಲು ಹಿಡಿದುಕೊಂಡು ಬಗ್ಗಿ
ಮೇಜಿನ ಕಾಲ ಕೆಳಗಿಂದ ಆ ಹಳೇ ಕಾಗದ ಎಳೆದರು.
ಮೇಜು ಅಲುಗಿತು.