ತಾಳೆ

ಓಲಾಫ್ಸ್‌ವಿಕ್‌ನಲ್ಲಿ ಫೆಬ್ರವರಿಯ ಹಗಲು
ಕೋಟು ಬಿಚ್ಚುವಷ್ಟರಲ್ಲಿ ಹೊರಟು ನಿಲ್ಲುತ್ತದೆ.
ಮೀನಿನ ವಯಸ್ಸು ಎಣಿಸುವ ಕೋಣೆ ನಮ್ಮದು.
ಕಾಡ್ ಮೀನಿನ ತಲೆ ಸೀಳಿ, ಕಿವಿಯೊಳಗಿನ ಕಲ್ಲು ತೆಗೆದು,
ಅಡ್ಡ ಕೊಯ್ದು ದೀಪದ ಕೆಳಗಿಟ್ಟರೆ
ಬಳೆಯೊಳಗೆ ಬಳೆ:
ಬೇಸಿಗೆಗೆ ಅಗಲ, ಚಳಿಗೆ ಎಳೆ.
ಹನ್ನೊಂದು, ಅನ್ನುತ್ತಾಳೆ ಸ್ಟೇನ್ವೋರ್.
ಹನ್ನೊಂದು, ಬರೆದುಕೊಳ್ಳುತ್ತೇನೆ.

ಮೂವತ್ತು ವರ್ಷದ ಈ ಎಣಿಕೆಯೆಲ್ಲ
ಕಾಫಿ ಯಂತ್ರದ ಹಿಂದಿನ ಕಪಾಟಿನಲ್ಲಿ,
ಲಿನಕ್ಸ್ ಓಡುವ ಒಂದು ಸಣ್ಣ ಪೆಟ್ಟಿಗೆಯಲ್ಲಿ.
ನವೆಂಬರಿನಲ್ಲಿ ಅದರ ಡಿಸ್ಕೊಂದು ಕೆಮ್ಮಿತು.
ರೇಕ್ಯವಿಕ್ ಕಚೇರಿಯವರು ಕಳಿಸಿದ್ದು
ಯಾರೋ ಬಳಸಿ ಬಿಟ್ಟ ಟೇಪ್ ಡ್ರೈವ್, ಆರು ಕ್ಯಾಸೆಟ್ಟು,
ಒಂದು ಸಾಲಿನ ಪತ್ರ:
ತಂತ್ರಾಂಶ ನೀವೇ ಆರಿಸಿಕೊಳ್ಳಿ.

ಮೊದಲನೆಯದು ಬಲು ಚೆಂದ.
ಹಸಿರು ಪಟ್ಟಿ ಎಡದಿಂದ ಬಲಕ್ಕೆ ಓಡಿ
ಯಶಸ್ವಿ, ಯಶಸ್ವಿ, ಯಶಸ್ವಿ.
ಮದುವೆಮನೆಯ ಸೋದರಮಾವನಂತೆ ಎಲ್ಲದಕ್ಕೂ ಹೂಂ.
ಹದಿನೈದನೆಯ ದಿನ ಒಂದು ಕಡತ ವಾಪಸ್ ಕೇಳಿದೆ,
೧೯೯೮ರ ಮಾರ್ಚ್, ಒಂದೇ ದೋಣಿಯದು.
ನುಂಗಿ ನೀರು ಕುಡಿದಿತ್ತು.
ಟೇಪಿನ ತುಂಬ ಹೆಸರುಗಳು,
ಹೆಸರಿನ ಹಿಂದೆ ಯಾರೂ ಇಲ್ಲ.

ಎರಡನೆಯದಕ್ಕೆ ಆಳುಗಳೇ ಮೂವರು:
ಅಪ್ಪಣೆಯವನು, ಹೊರುವವನು, ಲೆಕ್ಕದವನು.
ಮೂವರೂ ಮಾತಾಡಿಕೊಳ್ಳಲು ನೂರಿಪ್ಪತ್ತು ಸಾಲಿನ ಕರಾರು.
ಕೆಲಸಗಾರರೇನೋ ಹೌದು, ದೊಡ್ಡ ಬಂದರಿಗೆ ಸರಿ.
ಲೆಕ್ಕದವನು ಒಂದು ರಾತ್ರಿ ಕಪಾಟಿನೊಳಗೇ ಕಣ್ಣುಮುಚ್ಚಿದರೆ
ಯಾವ ಟೇಪಿನಲ್ಲಿ ಏನಿದೆಯೆಂದು
ಈ ಊರಲ್ಲಿ ಯಾರನ್ನು ಕೇಳಲಿ?

ಮೂರನೆಯದು ಒಂದು ಮುದಿ ಆಜ್ಞೆ, ನನಗಿಂತ ಹಿರಿಯದು.
ಚಿತ್ರವಿಲ್ಲ, ಬಣ್ಣವಿಲ್ಲ,
ಎಲ್ಲ ಸರಿಯಿದ್ದರೆ ತುಟಿಪಿಟಕ್ಕೆನ್ನದು.
ಗುರುವಾರ ಅರ್ಧಕ್ಕೆ ನಿಂತು ಗೊಣಗಿತು:
ನಾಲ್ಕನೆಯ ಕ್ಯಾಸೆಟ್ಟು, ಇಂಥ ತುಂಡು, ತಾಳೆಯಾಗುತ್ತಿಲ್ಲ.
ಬೈದೆ. ಡ್ರೈವಿನ ತಲೆ ಶುಚಿ ಮಾಡಿದೆ. ಮತ್ತೆ ಹಾಕಿದೆ.
ಅದೇ ಜಾಗ, ಅದೇ ಗೊಣಗು.
ಕ್ಯಾಸೆಟ್ಟಿನ ಬಾಗಿಲು ಸರಿಸಿ ಎಳೆದು ನೋಡಿದರೆ
ಟೇಪಿನ ಅಂಚಿನಲ್ಲಿ ಒಂದು ಸುಕ್ಕು,
ಕೂದಲೆಳೆಯಷ್ಟು.
ಯಶಸ್ವಿಯವನು ಇದೇ ಕ್ಯಾಸೆಟ್ಟಿನ ಮೇಲೆ
ಹತ್ತು ಸಲ ಹಸಿರಾಗಿದ್ದ.

ಆಯ್ಕೆ ಮುಗಿಯಿತು ಅಂದುಕೊಂಡೆ.
ಸ್ಟೇನ್ವೋರ್ ಒಪ್ಪಲಿಲ್ಲ.
ಇಸಿದುಕೊಳ್ಳುವುದು ಯಾರಿಗೂ ಬರುತ್ತದೆ,
ಕೊಡಲಿ, ನೋಡೋಣ.
ತಮ್ಮ ಈಸ್ಲೇವುರನ ಗ್ಯಾರೇಜಿನಿಂದ
ಎಸೆಯಲಿಟ್ಟ ಕಂಪ್ಯೂಟರೊಂದನ್ನು ಹೊತ್ತು ತಂದಳು,
ಒಳಗೆ ಏನೂ ಇಲ್ಲದ್ದು, ನಮ್ಮ ಪರಿಚಯವೇ ಇಲ್ಲದ್ದು.
ಟೇಪು ತಿರುಗಿತು,
ಕೆಟಲಿನ ನೀರು ಕುದಿಯುವ ಮುಂಚಿನ ಸದ್ದು.
ಒಣಮೀನಿಗೆ ಬೆಣ್ಣೆ ಸವರಿ ತಿಂದೆವು.
ಹೊರಗೆ ಹಿಮ ಬಳಿಯುವ ಲಾರಿ ಎರಡು ಸಲ ಹೋಯಿತು.

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಕಡತ ಬಂತು.
೧೯೯೮, ಮಾರ್ಚ್, ಎಂಟನೆಯ ಮೀನು.
ಅವಳು ಎದ್ದುಹೋಗಿ ಕಂದು ಲಕೋಟೆಯೊಂದನ್ನು ಹುಡುಕಿ ತಂದಳು,
ಅದೇ ಮೀನಿನ ಕಿವಿಕಲ್ಲು.
ದೀಪ ಹಾಕಿ ಬಗ್ಗಿದಳು. ತುಟಿ ಮಾತ್ರ ಅಲುಗುತ್ತಿತ್ತು.
ಪರದೆಯ ಮೇಲೆ ಒಂಬತ್ತು ಅಂತಿತ್ತು. ನಾನು ಹೇಳಲಿಲ್ಲ.

ಹತ್ತು, ಅಂದಳು.
ಇನ್ನೊಮ್ಮೆ ಎಣಿಸಿದಳು. ಹತ್ತೇ.
ಪರದೆಯತ್ತ ತಿರುಗಿ, ಎಣಿಸಿದವರ ಹೆಸರು ಓದಿ
ತಡೆಯಲಾರದೆ ನಕ್ಕಳು.
ನಾನೇ. ಆಗಿನ್ನೂ ಹೊಸಬಳು. ಹೊರ ಅಂಚಿನ ಬಳೆ
ಕಣ್ಣಿಗೆ ಬೀಳುತ್ತಿರಲಿಲ್ಲ.

ತಿದ್ದಲೇ, ಕೇಳಿದೆ.
ಬೇಡ. ನನ್ನ ತಪ್ಪನ್ನು ಒಂದಿಷ್ಟೂ ಕೆಡಿಸದೆ ತಂದಿದೆ ಪಾಪ.
ಅದರ ಕೆಳಗೆ ಇವತ್ತಿನ ತಾರೀಖು ಹಾಕಿ ಹತ್ತು ಅಂತ ಬರೆ.
ಆಮೇಲೆ ಮತ್ತೆ ಟೇಪಿಗೆ ಹಾಕು.

ಐದನೆಯ ಕ್ಯಾಸೆಟ್ಟು ಈಗ ಅವಳ ಮನೆಯಲ್ಲಿ,
ಬಂದರಿನ ಆಚೆ, ಟೇಬಲ್‌ಕ್ಲಾತುಗಳ ಡ್ರಾಯರಿನಲ್ಲಿ.
ಸುಕ್ಕಿನದನ್ನು ಎಸೆಯಲು ಮನಸ್ಸಾಗಲಿಲ್ಲ.
ಕಾಫಿ ಯಂತ್ರದ ಒಂದು ಕಾಲು ಗಿಡ್ಡ,
ಅದರಡಿ ಇಟ್ಟಿದ್ದೇವೆ.