ಬಾಗಿಲು ಹಾಕಿದ ಸದ್ದು

ಮಡಗಾಂವಿನ ಹೋಟೆಲಿನವ ಬೆಲೆ ಹೇಳುವ ಮೊದಲು
ಬಾಗಿಲು ತೆಗೆದು, ಹಾಕಿ ತೋರಿಸಿದ.
ಧಡಾರ್ ಅಲ್ಲ, ಟಪ್ ಅಲ್ಲ,
ದಪ್ಪ ಹಾಸಿಗೆಯ ಮೇಲೆ ಯಾರೋ ಪುಸ್ತಕ ಇಟ್ಟಂತೆ.
ಒಳಗೆ ಕೂತೆ.
ಹೊರಗೆ ಅವನ ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ.
ಅಷ್ಟಕ್ಕೇ ನಾನು ಸೋತದ್ದು.
ಎಂಟು ವರ್ಷದ ಹಳೇ ಜರ್ಮನ್ ಗಾಡಿ, ಹದಿನೇಳು ಲಕ್ಷ.
ಚೌಕಾಸಿಗೆಂದು ಹೋದವನು
ಕೀಲಿ ಹಿಡಿದು ಪೋಳೆಯ ಗಡಿ ದಾಟಿ ಬಂದೆ.

ಬೈತಖೋಲದಲ್ಲಿ ನನ್ನದು ಐಸ್ ಕಾರ್ಖಾನೆ.
ಇಪ್ಪತ್ತಾರು ವರ್ಷ ಕಂಪ್ರೆಸರಿನ ಪಕ್ಕದಲ್ಲೇ ಕುರ್ಚಿ.
ಮಲಗಿದರೂ ಕಿವಿಯೊಳಗೆ ಅದೇ ಡುಗುಡುಗು.
ಸುಲಭಾ ಹೇಳುತ್ತಾಳೆ,
ನೀವು ಉಪ್ಪು ಕೇಳುವುದೂ ಜಗಳದ ಹಾಗೆ.

ಮೊದಲ ತಿಂಗಳು ಕೋಡಿಬಾಗದ ಹುಡುಗರು
ಅದಕ್ಕೆ ಒರಗಿ ಫೋಟೊ ತೆಗೆಸಿಕೊಂಡರು.
ಎರಡನೆಯ ತಿಂಗಳು ಕಿತ್ತಳೆ ದೀಪ ಹತ್ತಿತು,
ಇಂಜಿನ್ನಿನ ಚಿತ್ರವಂತೆ, ನನಗೆ ಕೂತ ಕೋಳಿಯ ಹಾಗೆ ಕಂಡಿತು.
ಇನಾಸನನ್ನು ಕರೆಸಿದೆ.
ಬೋಟಿನ ಇಂಜಿನ್ನುಗಳ ವೈದ್ಯ ಅವನು,
ಸ್ಕ್ರೂಡ್ರೈವರಿನ ಒಂದು ತುದಿ ಕಬ್ಬಿಣಕ್ಕೆ, ಮರದ ಹಿಡಿ ಕಿವಿಗೆ,
ಯಾವ ಬೇರಿಂಗ್ ಅಳುತ್ತಿದೆಯೆಂದು ಹೇಳಿಬಿಡುವವನು.
ಬಾನೆಟ್ ಎತ್ತಿದರೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ,
ಮುಚ್ಚಳದ ಕೆಳಗೆ ಇನ್ನೊಂದು ಮುಚ್ಚಳ.
ಬಹಳ ಹೊತ್ತು ಕಿವಿಯಿಟ್ಟ.
"ಪಾತ್ರಾಂವ್, ಇದು ನಮ್ಮ ಹತ್ತಿರ ಮಾತಾಡುವುದಿಲ್ಲ," ಎಂದ,
"ಇದಕ್ಕೆ ಕಂಪ್ಯೂಟರೇ ಬೇಕು."

ಕಂಪ್ಯೂಟರ್ ಇರುವುದು ಹುಬ್ಬಳ್ಳಿಯಲ್ಲಿ.
ಲಾರಿಯ ಬೆನ್ನೇರಿ, ಪಟ್ಟಿ ಬಿಗಿಸಿಕೊಂಡು
ಅರಬೈಲ ಘಾಟಿ ಹತ್ತಿತು ನನ್ನ ಗಾಡಿ.
ಹಿಂದೆ ನಾನು, ಐಸಿನ ಟೆಂಪೋದಲ್ಲಿ.
ಟೆಂಪೋಗೆ ಹತ್ತೊಂಬತ್ತು ವರ್ಷ, ಉಪ್ಪುನೀರು ಕುಡಿದೇ ಬೆಳೆದದ್ದು,
ಎಲ್ಲಿಯೂ ನಿಲ್ಲಲಿಲ್ಲ.

ಅಲ್ಲಿ ತಣ್ಣನೆ ಕೋಣೆ, ಕಾಫಿ, ಬಿಸ್ಕತ್ತು.
ಟೈ ಕಟ್ಟಿದ ಹುಡುಗ ಆಸ್ಪತ್ರೆಯ ದನಿಯಲ್ಲಿ ಹೇಳಿದ:
ಸೆನ್ಸರ್, ನಲವತ್ತೆರಡು ಸಾವಿರ.
ಅದನ್ನು ತೆಗೆಯಲು ಇನ್ನೊಂದನ್ನು ಬಿಚ್ಚಬೇಕು,
ಬಿಚ್ಚಿದ್ದನ್ನು ಮತ್ತೆ ಹಾಕುವ ಹಾಗಿಲ್ಲ.
ಲೇಬರ್ ಬೇರೆ. ಜಿಎಸ್‌ಟಿ ಬೇರೆ.
ಎರಡು ಬಿಸ್ಕತ್ತು ತಿಂದಿದ್ದೆ,
ಮೂರನೆಯದನ್ನು ಜೇಬಿಗೆ ಹಾಕಿದೆ.

ಆಮೇಲೆ ಇಲಿ.
ಬಂದರಿನ ಇಲಿ, ಬಂಗಡೆ ತಿಂದು ನಾಲಿಗೆ ಜಡ್ಡುಗಟ್ಟಿದ್ದು,
ವೈರಿನ ರುಚಿ ನೋಡಿತು.
ಆಮೇಲೆ ಗಾಳಿಯ ಸಸ್ಪೆನ್ಶನ್:
ಬೆಳಿಗ್ಗೆ ಎದ್ದು ನೋಡಿದರೆ ಗಾಡಿ
ಎಮ್ಮೆಯಂತೆ ಮುಂಗಾಲು ಮಡಚಿ ಕೂತಿದೆ.
ಕೆಟ್ಟದ್ದು ಒಂದೇ ಬದಿ.
"ಜೋಡಿಯಾಗಿಯೇ ಹಾಕಬೇಕು ಸರ್."

ಸುಲಭಾ ಬಿಲ್ಲುಗಳನ್ನು ಐಸಿಗೆ ತಿರುಗಿಸುತ್ತಾಳೆ,
ಗಡ್ಡೆಗೆ ನೂರರ ಲೆಕ್ಕ.
ಸೆನ್ಸರ್ ಅಂದರೆ ನಾನೂರ ಇಪ್ಪತ್ತು ಗಡ್ಡೆ,
ಎಮ್ಮೆ ಎಬ್ಬಿಸಿದ್ದು ಎರಡು ಸಾವಿರದ ಮುನ್ನೂರು,
ಅಷ್ಟೂ ಕರಗಿಹೋಯಿತು,
ಒಂದು ಮೀನೂ ತಂಪಾಗಲಿಲ್ಲ.

ಅಂಕೋಲೆಯ ಬ್ರೋಕರ್ ಬಂದ, ಟಯರಿಗೆ ಒದ್ದ,
ನಾಲ್ಕೂವರೆ ಎಂದ.
ನಾನು ಬಾಗಿಲು ತೆಗೆದು, ಹಾಕಿ ತೋರಿಸಿದೆ.
"ಹೌದು, ಬಾಗಿಲು ಸರಿಯಿದೆ," ಎಂದ.

ಊಟವಾದ ಮೇಲೆ ಕೀಲಿ ಹಿಡಿದು ಹೊರಗೆ ಹೋಗುತ್ತೇನೆ.
ಚಾಲೂ ಮಾಡುವುದಿಲ್ಲ, ಮಾಡಿದರೆ ಕೋಳಿ ಎದ್ದೀತು.
ಬಾಗಿಲು ಹಾಕಿಕೊಳ್ಳುತ್ತೇನೆ.
ಕಂಪ್ರೆಸರ್ ಯಾವುದೋ ಬೇರೆ ಊರಿಗೆ ಹೋಗುತ್ತದೆ.
ಬೋಟುಗಳ ದೀಪ ಸದ್ದಿಲ್ಲದೆ ಅಲ್ಲಾಡುತ್ತವೆ,
ನನ್ನ ಉಸಿರು ನನಗೇ ಕೇಳುತ್ತದೆ.

ನಿನ್ನೆ ಸುಲಭಾ ಬಂದು ಪಕ್ಕದ ಸೀಟಿನಲ್ಲಿ ಕೂತಳು,
ಸೆರಗು ಒಳಗೆಳೆದುಕೊಂಡು ಬಾಗಿಲು ಹಾಕಿದಳು.
ಮಾರಿಬಿಡುತ್ತೀರಾ ಎಂದಳು.
ನಾನು ಏನೋ ಹೇಳಿದೆ.
"ಏನಂದಿರಿ? ಕೇಳಲಿಲ್ಲ,"
ಎಂದು ಅವಳು ಹತ್ತಿರ ಬಾಗಿದಳು.