ಆರನೇ ರೀಲು

"ನೀನು ದನ ಕಾಯಕ್ಕೇ ಲಾಯಕ್ಕು" ಎಂದು
ಗುಂಡಾಜೋಯಿಸ್ ಮೇಷ್ಟ್ರು ಸ್ಲೇಟಿನ ಚೌಕಟ್ಟಿನಿಂದ
ನನ್ನ ಬೆರಳ ಗೆಣ್ಣಿಗೆ ಬಾರಿಸಿದ ದಿನವೇ ಸಂಜೆ
ಮಂಡ್ಯದ ಟೆಂಟಿನಲ್ಲಿ, ಎರಡಾಣೆಯ ಮರಳಿನ ಮೇಲೆ ಕೂತು
ದನ ಕಾಯುವವನೊಬ್ಬನನ್ನು ನೋಡಿದೆ.

ಬಿಳೀ ಕುದುರೆ. ಅಂಗಿಯ ತುಂಬ ಕಸೂತಿ.
ಮದುವೆಗಂಡಿಗೂ ದಕ್ಕದ ಟೋಪಿ.
ಕೋವಿಯ ಜೊತೆ ಗಿಟಾರು; ಹಾರಿಸುವ ಮೊದಲೊಂದು ಹಾಡು,
ಹಾರಿಸಿದ ಮೇಲೊಂದು.
ಬಿದ್ದವರಿಗೆ ರಕ್ತ ಬರಲಿಲ್ಲ, ಇವನ ಟೋಪಿ ಬೀಳಲಿಲ್ಲ.

ಫ್ಯಾಕ್ಟರಿ ಮುಂದೆ ಸಾಲಿನಲ್ಲಿ ಗಾಡಿ ಬಿಟ್ಟು
ಕಬ್ಬು ತೂಕಕ್ಕೆ ಹೋಗುವಷ್ಟರಲ್ಲಿ ಒಂದಾಟ ಮುಗಿದೀತೆಂದು ಬಂದವರು
ನನ್ನ ಬೆನ್ನಿಗೇ ಕೂತಿದ್ದರು. ಬೀಡಿ ಹೊಗೆಯೊಳಗಿಂದ ಒಂದೇ ತಕರಾರು:
"ಅಲ್ಲ ಕಣ್ರಲಾ, ದನ ಎಲ್ಲವೆ?"
"ಅಗೋ, ಆ ಗುಡ್ಡದ ಮ್ಯಾಲೆ, ಚುಕ್ಕೆ ಚುಕ್ಕೆ."
"ಅವ್ಕೆ ನೀರು ತೋರ್ಸೋರು ಯಾರು, ಇವ್ನು ಹಾಡ್ತಾ ಕೂತ್ರೆ?"
"ಸಗಣಿ ಬಾಚೋ ಕೈಯಾ ಅದು? ಉಗುರು ನೋಡು."

ಮೆಗಾಫೋನು ಹಿಡಿದು ಪರದೆಯ ಪಕ್ಕ ನಿಂತ ಚನ್ನಿಗಪ್ಪನಿಗೆ
ಇಂಗ್ಲಿಷು ಬರುತ್ತಿರಲಿಲ್ಲ; ಕತೆ ಬರುತ್ತಿತ್ತು.
ಖಳನನ್ನು ಅಮಲ್ದಾರ ಮಾಡಿದ,
ಹುಡುಗಿಯನ್ನು ಸೋದರಮಾವನ ಮಗಳು,
ಅವಳ ಗದ್ದೆಗೆ ನಾಲೆ ನೀರು ಬಿಡಲಿಲ್ಲ, ಅದೇ ಜಗಳ ಎಂದ.
ಹಾಡು ಶುರುವಾದಾಗ ಮಾತ್ರ ಮೆಗಾಫೋನು ಇಳಿಸಿ
ಟವೆಲಿನಿಂದ ಕತ್ತು ಒರೆಸಿಕೊಂಡ.
"ಏನಂತಪ್ಪೋ ಹಾಡು?"
"ಹೊತ್ತಾಯ್ತು, ಮನೆ ದೂರ ಅಂತವ್ನೆ. ಸುಮ್ಕೆ ಕೇಳ್ರಿ."

ಐದನೇ ರೀಲಿನ ಕೊನೆಗೆ ಅವನು ಕಣಿವೆಗೆ ಇಳಿಯುತ್ತಾನೆ,
ಮೇಲೆ ಬಂಡೆಯ ಹಿಂದೆ ಅಮಲ್ದಾರ, ಹನ್ನೊಂದು ಬಂದೂಕು.
ಪರದೆ ಬೆಳ್ಳಗಾಯಿತು.

ಒಂದೇ ಪ್ರಿಂಟು, ಎರಡು ಟೆಂಟು. ಆರನೇ ರೀಲು
ಯಲಿಯೂರಿನಿಂದ ಜವರಾಯಿಯ ಸೈಕಲ್ಲಿನಲ್ಲಿ ಬರಬೇಕು.

ಕಾದೆವು. ಕಳ್ಳೇಕಾಯಿ ಮುಗಿಯಿತು.
ಗಾಡಿಯವರು ಎತ್ತಿಗೆ ಹುಲ್ಲೆಸೆದು ಬಂದರು.
ಗ್ಯಾಸ್‌ಲೈಟಿಗೆ ಮುತ್ತಿ ಹುಳಗಳು ಉದುರಿದವು.
ಉಚ್ಚೆ ಹೊಯ್ಯಲು ಟೆಂಟಿನ ಹಿಂದೆ ಹೋದ ನನಗೇ
ಮೊದಲು ಕೇಳಿಸಿದ್ದು:

ನಾಲೆ ಏರಿಯ ಮೇಲೆ ದೀಪವಿಲ್ಲದ ಸೈಕಲ್ಲು,
ಸಡಿಲ ಮಡ್‌ಗಾರ್ಡು ಗೊರಸಿನಂತೆ ಟಕಟಕ ಟಕಟಕ,
ಹುಣಸೆಮರದ ಮೋಹಿನಿಗೆ ಹೆದರಿ,
ಹೆದರಿದ್ದು ಅವಳಿಗೆ ತಿಳಿಯದಿರಲೆಂದು
ಜವರಾಯಿ ಹಾಡುತ್ತಿದ್ದ. ಅದೇ ಹಾಡು,
ಟೆಂಟಿನ ಹೊರಗೆ ನಿಂತು ಕಲಿತದ್ದು,
ಒಂದು ಮಾತೂ ಸರಿಯಿಲ್ಲ, ರಾಗ ಮಾತ್ರ ಎಲ್ಲೂ ಜಾರಿಲ್ಲ;
ಹೋ ಎಂದು ಎಳೆಯುವಲ್ಲಿ ನಮ್ಮ ಕಬ್ಬಿನ ಬಯಲು
ಕತ್ತಲಲ್ಲಿ ಅಂಚೇ ಇಲ್ಲದೆ ಹಬ್ಬಿಕೊಂಡಿತು.

ಬಿದ್ದಿದ್ದನಂತೆ ಎರಡು ಸಲ. ಮಂಡಿ ಕಿತ್ತು ರಕ್ತ.
ತಗಡಿನ ಡಬ್ಬಿಯನ್ನು ಎದೆಗವಚಿ ತಂದವನ ಕಡೆ
ಯಾರೂ ತಿರುಗಲಿಲ್ಲ; ಒಳಗೆ ಸಿಳ್ಳೆ.

ಅಮಲ್ದಾರ ಸತ್ತ. ಗದ್ದೆಗೆ ನೀರು ಬಂತು,
ಚನ್ನಿಗಪ್ಪ ಬಿಟ್ಟದ್ದು.

ಆಟ ಬಿಟ್ಟ ಮೇಲೆ ಜವರಾಯಿ ನನ್ನ ತೋಳು ಹಿಡಿದ.
ಅವನು ಮೊದಲ ರೀಲು ಎಂದೂ ನೋಡಿದವನಲ್ಲ,
ಅವನಿಗೂ ಜೋಯಿಸ್ ಮೇಷ್ಟ್ರೇ, ಅದೇ ಮಾತೇ, ಮೂರನೇ ಕ್ಲಾಸಿಗೇ.
"ಲೋ, ಆ ಇಬ್ರಿಗೂ ಜಗಳ ಯಾತಕ್ಕೋ ಬಂತು?"
"ನೀರಿಗೆ" ಅಂದೆ.
"ಹಂಗಾದ್ರೆ ಸರಿ" ಎಂದು
ಡಬ್ಬಿಯನ್ನು ಕ್ಯಾರಿಯರಿಗೆ ಬಿಗಿದು, ಕುಂಟುತ್ತ ನಾಲ್ಕು ಹೆಜ್ಜೆ ಓಡಿ
ಸೈಕಲ್ಲು ಹತ್ತಿದ.